ಟ್ಯೂನಿಸ್‌ನಲ್ಲಿ ಅರಬ್ ಸಿನಿಮಾ ಜಾತ್ರೆ

ಅರಬ್ ಮತ್ತು ಆಫ್ರಿಕಾ ದೇಶಗಳ ಸಿನಿಮಾಗಳಿಗೆಂದೇ 1966ರಲ್ಲಿ ಆರಂಭವಾದ ಕಾರ್ಥೇಜ್ ಚಿತ್ರೋತ್ಸವಕ್ಕೆ 2026ಕ್ಕೆ ಅರವತ್ತು ತುಂಬುತ್ತದೆ. ಸರ್ಕಾರಗಳು ಬದಲಾದವು, ಬಾಂಬುಗಳು ಸಿಡಿದವು, ಚಿತ್ರಮಂದಿರಗಳು ಒಂದೊಂದಾಗಿ ಮುಚ್ಚಿದವು. ಆದರೂ ಟಿಕೆಟ್ ಕೌಂಟರಿನ ಮುಂದಿನ ಸಾಲು ಕರಗಲಿಲ್ಲ.

ಟ್ಯುನೀಷಿಯಾದ ರಾಜಧಾನಿ ಟ್ಯೂನಿಸ್‌ನ ನಡುಮಧ್ಯದಲ್ಲಿ ಹಬೀಬ್ ಬುರ್ಗೀಬಾ ಹೆಸರಿನ ಅಗಲವಾದ ರಸ್ತೆಯೊಂದಿದೆ. ಎರಡೂ ಬದಿಗೆ ವಾಹನಗಳು, ನಡುವೆ ಜನ ಓಡಾಡಲೆಂದು ಬಿಟ್ಟ ಹಾದಿ, ಆ ಹಾದಿಯ ಉದ್ದಕ್ಕೂ ನೀಟಾಗಿ ಕತ್ತರಿಸಿದ ಫೈಕಸ್ ಮರಗಳು. ಸಂಜೆಯಾದರೆ ಮರಗಳ ತುಂಬ ಹಕ್ಕಿಗಳ ಗದ್ದಲ. ಫ್ರೆಂಚರ ಕಾಲದ ಬಿಳಿ ರಂಗಮಂದಿರ, ಹೊರಗೆ ಕುರ್ಚಿ ಹಾಕಿದ ಕಾಫಿ ಅಂಗಡಿಗಳು, ಗೃಹ ಸಚಿವಾಲಯದ ಕಟ್ಟಡ ಎಲ್ಲವೂ ಇದೇ ರಸ್ತೆಯಲ್ಲಿವೆ. 2011ರ ಜನವರಿ 14ರಂದು ಸಾವಿರಾರು ಜನ ಸೇರಿ, ಅಧ್ಯಕ್ಷ ಬೆನ್ ಅಲಿ ತೊಲಗಲಿ ಎಂದು ಕೂಗಿದ್ದು ಇಲ್ಲಿಯೇ. ಊರಿನ ಹಳೆಯ ಚಿತ್ರಮಂದಿರಗಳಾದ ಕೊಲಿಸೆ, ಪ್ಯಾಲೇಸ್, ಪಾರ್ನಾಸ್, ರಿಯೊ ಇರುವುದೂ ಈ ರಸ್ತೆಯಲ್ಲಿ ಮತ್ತು ಇದರ ಆಸುಪಾಸಿನಲ್ಲಿ.

ವರ್ಷದ ಕೊನೆಯ ತಿಂಗಳುಗಳಲ್ಲಿ ಉತ್ಸವ ನಡೆಯುವ ಒಂದು ವಾರ ಈ ರಸ್ತೆಯ ಚಹರೆಯೇ ಬದಲಾಗುತ್ತದೆ. ಕಾಲೇಜು ಹುಡುಗ ಹುಡುಗಿಯರು, ಕಚೇರಿ ಮುಗಿಸಿ ಬಂದ ನೌಕರರು, ತಲೆಗೆ ಸ್ಕಾರ್ಫ್ ಕಟ್ಟಿದ ಅಮ್ಮಂದಿರು, ನಿವೃತ್ತ ಮೇಷ್ಟರುಗಳು ಕಾರ್ಯಕ್ರಮದ ಹಾಳೆಯನ್ನು ಕೈಯಲ್ಲಿ ಹಿಡಿದು ಒಂದು ಚಿತ್ರಮಂದಿರದಿಂದ ಇನ್ನೊಂದಕ್ಕೆ ಓಡುತ್ತಿರುತ್ತಾರೆ. ಸೀಟು ಭರ್ತಿಯಾದರೆ ಮೆಟ್ಟಿಲ ಮೇಲೆ ಕೂರುತ್ತಾರೆ. ಸಿನಿಮಾ ಮುಗಿದ ಮೇಲೆ ನಿರ್ದೇಶಕರನ್ನು ನಿಲ್ಲಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಉತ್ತರ ಒಪ್ಪಿಗೆಯಾಗದಿದ್ದರೆ ವಾದ ಕಾಫಿ ಅಂಗಡಿಯಲ್ಲಿ ಮುಂದುವರಿಯುತ್ತದೆ. ಕಾನ್ ಚಿತ್ರೋತ್ಸವದ ದೊಡ್ಡ ಪ್ರದರ್ಶನಗಳಿಗೆ ಸಿನಿಮಾ ಉದ್ಯಮದವರಿಗೆ, ಪತ್ರಕರ್ತರಿಗೆ, ಆಹ್ವಾನಿತರಿಗೆ ಮಾತ್ರ ಪ್ರವೇಶ. ಕಾರ್ಥೇಜ್ ಚಿತ್ರೋತ್ಸವದಲ್ಲಿ ಅಗ್ಗದ ಟಿಕೆಟ್ ಕೊಂಡು ಒಳಗೆ ಬರುವ ಊರ ಜನರೇ ಮುಖ್ಯ ಅತಿಥಿಗಳು. ಅರಬ್ ಜಗತ್ತಿನಲ್ಲಿ ಇಂದು ಇದಕ್ಕಿಂತ ಹಣವಂತ ಚಿತ್ರೋತ್ಸವಗಳಿವೆ. ಇಂಥ ಪ್ರೇಕ್ಷಕರನ್ನು ಕಂಡ ಚಿತ್ರೋತ್ಸವ ಸಿಗುವುದು ಕಷ್ಟ. ಈ ಪ್ರೇಕ್ಷಕರು ತಾವಾಗಿ ಹುಟ್ಟಿಕೊಂಡವರಲ್ಲ. ಅವರನ್ನು ತಯಾರು ಮಾಡಿದ ಒಂದು ದೊಡ್ಡ ಪ್ರಯತ್ನದ ಚರಿತ್ರೆಯಿದೆ.

ಸ್ಫಾಕ್ಸ್ ಊರಿನ ಅರಬ್ಬಿ ಮೇಷ್ಟರು

ಆ ಚರಿತ್ರೆಯ ಮೊದಲಲ್ಲಿ ತಾಹರ್ ಶರೀಯಾ ಇದ್ದಾರೆ. 1927ರಲ್ಲಿ ಸಯಾದಾ ಎಂಬ ಕರಾವಳಿ ಊರಿನಲ್ಲಿ ಹುಟ್ಟಿದ ಅವರು ದಕ್ಷಿಣದ ಬಂದರು ನಗರ ಸ್ಫಾಕ್ಸ್‌ನಲ್ಲಿ ಅರಬ್ಬಿ ಕಲಿಸುತ್ತಿದ್ದರು. ಅದರ ಜೊತೆಗೆ ಫಿಲ್ಮ್ ಸೊಸೈಟಿ ನಡೆಸುತ್ತಿದ್ದರು. ಒಂದು ಸಿನಿಮಾ ತರಿಸುವುದು, ಅದನ್ನು ಎಲ್ಲರೂ ಕೂಡಿ ನೋಡುವುದು, ಆಮೇಲೆ ಅದರ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವುದು ಅದರ ಪದ್ಧತಿ. 1950ರಲ್ಲೇ ಟ್ಯುನೀಷಿಯಾದ ಫಿಲ್ಮ್ ಸೊಸೈಟಿಗಳ ಒಕ್ಕೂಟ ಹುಟ್ಟಿತ್ತು. ದೇಶ ಫ್ರೆಂಚರಿಂದ ಸ್ವತಂತ್ರವಾದದ್ದು ಅದಾಗಿ ಆರು ವರ್ಷಕ್ಕೆ, 1956ರಲ್ಲಿ. ಹೀಗೆ ತಮ್ಮದೇ ಕಥಾಚಿತ್ರಗಳು ಬರುವ ಮೊದಲೇ ಆ ದೇಶದಲ್ಲಿ ಸಿನಿಮಾ ನೋಡಿ ವಾದ ಮಾಡಬಲ್ಲ ಒಂದು ಪೀಳಿಗೆ ತಯಾರಾಗಿತ್ತು. ಹೆಗ್ಗೋಡಿನ ನೀನಾಸಂ ಚಿತ್ರಸಮಾಜವನ್ನು ಬಲ್ಲ ಕನ್ನಡಿಗರಿಗೆ ಶರೀಯಾ ಅವರ ಕೆಲಸದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

1960ರ ದಶಕದ ಆರಂಭದಲ್ಲಿ ಶರೀಯಾ ಸಂಸ್ಕೃತಿ ಇಲಾಖೆಯಲ್ಲಿ ಸಿನಿಮಾ ವಿಭಾಗದ ಮುಖ್ಯಸ್ಥರಾದರು. ಆ ಕುರ್ಚಿಯಲ್ಲಿ ಕೂತಾಗ ಅವರಿಗೆ ಇಡೀ ವ್ಯವಹಾರದ ಒಳಗುಟ್ಟು ಕಂಡಿತು. ದೇಶ ಸ್ವತಂತ್ರವಾಗಿತ್ತು, ಅದರ ತೆರೆಗಳು ಸ್ವತಂತ್ರವಾಗಿರಲಿಲ್ಲ. ಯಾವ ಊರಿನ ಚಿತ್ರಮಂದಿರದಲ್ಲಿ ಯಾವ ಸಿನಿಮಾ ನಡೆಯಬೇಕು ಎಂಬುದನ್ನು ಹೊರದೇಶದ ವಿತರಣಾ ಕಂಪನಿಗಳು ನಿರ್ಧರಿಸುತ್ತಿದ್ದವು. ಸಹಾರಾದ ದಕ್ಷಿಣಕ್ಕಿದ್ದ ಫ್ರೆಂಚ್ ಭಾಷೆಯ ದೇಶಗಳಲ್ಲಿ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಅಲ್ಲಿ ಕೊಮಾಸಿಕೊ ಮತ್ತು ಸೆಕ್ಮಾ ಎಂಬ ಎರಡು ಕಂಪನಿಗಳು ವಿತರಣೆಯನ್ನು ಪೂರ್ತಿ ಮುಷ್ಟಿಯಲ್ಲಿಟ್ಟುಕೊಂಡಿದ್ದವು. ಟಿಕೆಟ್ಟಿನ ಹಣ ಹೊರಗೆ ಹೋಗುತ್ತಿತ್ತು, ಊರಿನ ನಿರ್ದೇಶಕನ ಸಿನಿಮಾ ಡಬ್ಬದಲ್ಲೇ ಉಳಿಯುತ್ತಿತ್ತು. ವಿತರಣೆ ಯಾರ ಕೈಯಲ್ಲಿದೆಯೋ ಸಿನಿಮಾ ಅವರ ಕೈಯಲ್ಲಿರುತ್ತದೆ ಎಂಬುದನ್ನು ಶರೀಯಾ ಬದುಕಿನುದ್ದಕ್ಕೂ ಬರೆದರು, ಹೇಳಿದರು. ಪ್ರದರ್ಶನದಿಂದ ಬರುವ ಹಣದ ಒಂದು ಪಾಲು ಊರಿನ ಸಿನಿಮಾ ತಯಾರಿಗೇ ಹಿಂತಿರುಗಬೇಕು ಎಂಬುದು ಅವರ ಬೇಡಿಕೆಯಾಗಿತ್ತು.

ಆ ಜಗಳದ ಒಂದು ಅಸ್ತ್ರವಾಗಿ ಅವರು ಚಿತ್ರೋತ್ಸವವನ್ನು ಕಟ್ಟಿದರು. 1966ರ ಡಿಸೆಂಬರಿನಲ್ಲಿ ಮೊದಲ ಕಾರ್ಥೇಜ್ ಚಿತ್ರೋತ್ಸವ ನಡೆಯಿತು. ಸ್ವತಂತ್ರ ಟ್ಯುನೀಷಿಯಾದ ಮೊದಲ ಕಥಾಚಿತ್ರ, ಒಮರ್ ಖ್ಲೀಫಿ ಅವರ ‘ಅಲ್ ಫಜ್ರ್’ ಬಂದದ್ದೂ ಅದೇ ವರ್ಷ. ಸ್ಪರ್ಧೆಯಲ್ಲಿ ಅರಬ್ ಮತ್ತು ಆಫ್ರಿಕಾದ ನಿರ್ದೇಶಕರ ಸಿನಿಮಾಗಳು ಮಾತ್ರ ಇರಬೇಕು ಎಂಬ ನಿಯಮ ಈ ಉತ್ಸವದ ಬೆನ್ನೆಲುಬಾಯಿತು. ಬೇರೆ ದೇಶಗಳ ಸಿನಿಮಾಗಳು ಬರಬಹುದು, ಆದರೆ ಅವು ಅತಿಥಿಗಳು. ಬಹುಮಾನಕ್ಕೆ ಹಳೆಯ ಕಾರ್ಥೇಜ್ ನಗರದ ದೇವತೆ ತಾನಿತ್‌ಳ ಹೆಸರಿಟ್ಟರು. ತ್ರಿಕೋನ, ಅದರ ಮೇಲೊಂದು ಅಡ್ಡಗೆರೆ, ಗೆರೆಯ ಮೇಲೊಂದು ದುಂಡು ತಲೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಕಲ್ಲಿನ ಮೇಲೆ ಕೊರೆದ ಆ ಗುರುತು ಚಿನ್ನ, ಬೆಳ್ಳಿ, ಕಂಚಿನ ತಾನಿತ್ ಆಗಿ ನಿರ್ದೇಶಕರ ಕೈಗೆ ಬರತೊಡಗಿತು.

ಮೊದಲ ಚಿನ್ನ

ಮೊದಲ ಚಿನ್ನದ ತಾನಿತ್ ಸೆನೆಗಲ್ ದೇಶದ ಊಸ್ಮಾನ್ ಸೆಂಬೆನ್ ಅವರ ‘ಬ್ಲ್ಯಾಕ್ ಗರ್ಲ್’ ಚಿತ್ರಕ್ಕೆ ಸಂದಿತು. ಮಾರ್ಸೆ ಬಂದರಿನಲ್ಲಿ ಹಡಗಿನ ಮೂಟೆ ಹೊತ್ತು, ಆಮೇಲೆ ಕಾದಂಬರಿಕಾರನಾಗಿ ಹೆಸರು ಮಾಡಿ, ಓದು ಬಾರದ ತನ್ನ ಜನರನ್ನು ಮುಟ್ಟಲೆಂದು ನಡುವಯಸ್ಸಿನಲ್ಲಿ ಸಿನಿಮಾ ಕಲಿತವರು ಸೆಂಬೆನ್. ಡಕಾರ್‌ನ ದಿಯುವಾನಾ ಎಂಬ ಹುಡುಗಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸವೆಂದು ನಂಬಿ ಫ್ರಾನ್ಸಿಗೆ ಹೋಗುತ್ತಾಳೆ. ಅಲ್ಲಿ ಅವಳನ್ನು ಒಂದು ಫ್ಲ್ಯಾಟಿನ ನಾಲ್ಕು ಗೋಡೆಗಳ ನಡುವೆ ಮುಸುರೆ ತಿಕ್ಕಲು, ಅಡುಗೆ ಮಾಡಲು ಹಾಕುತ್ತಾರೆ. ಪ್ರೀತಿಯಿಂದ ಯಜಮಾನರಿಗೆ ಕೊಟ್ಟಿದ್ದ ಮರದ ಮುಖವಾಡವನ್ನು ಅವಳು ಒಂದು ದಿನ ಗೋಡೆಯಿಂದ ಕಿತ್ತು ವಾಪಸ್ ಪಡೆಯುತ್ತಾಳೆ. ಅವಳ ಕಥೆ ಸಾವಿನಲ್ಲಿ ಮುಗಿಯುತ್ತದೆ. ಒಂದು ಗಂಟೆಯ ಆಸುಪಾಸಿನ ಈ ಕಪ್ಪು ಬಿಳುಪು ಚಿತ್ರವನ್ನು ಇಂದು ಆಫ್ರಿಕಾ ಸಿನಿಮಾದ ಮೂಲಗ್ರಂಥವೆಂದು ಜಗತ್ತಿನ ಅನೇಕ ಫಿಲ್ಮ್ ಶಾಲೆಗಳಲ್ಲಿ ತೋರಿಸುತ್ತಾರೆ. ಅರಬ್ ಊರಿನ ಉತ್ಸವವೊಂದು ತನ್ನ ಮೊದಲ ಮನ್ನಣೆಯನ್ನು ಸಹಾರಾದಾಚೆಯ ಕಪ್ಪು ಹುಡುಗಿಯೊಬ್ಬಳ ಕಥೆಗೆ ಕೊಟ್ಟಿತು ಎಂಬುದರಲ್ಲೇ ಅದರ ದಾರಿ ಯಾವುದೆಂದು ಗೊತ್ತಾಗಿತ್ತು.

ಮುಂದಿನ ವರ್ಷಗಳಲ್ಲಿ ಆ ದಾರಿ ಅಗಲವಾಯಿತು. 1969ರಲ್ಲಿ ಬುರ್ಕಿನಾ ಫಾಸೊದ ವಾಗಾಡುಗು ನಗರದಲ್ಲಿ ಫೆಸ್ಪಾಕೊ ಚಿತ್ರೋತ್ಸವ ಆರಂಭವಾಯಿತು. 1970ರ ಕಾರ್ಥೇಜ್ ಉತ್ಸವದ ಹೊತ್ತಿಗೆ ಇಡೀ ಆಫ್ರಿಕಾದ ನಿರ್ದೇಶಕರ ಒಕ್ಕೂಟ ರೂಪುಗೊಂಡಿತು. ಕಾರ್ಥೇಜ್ ಮತ್ತು ವಾಗಾಡುಗು ಅಕ್ಕತಂಗಿಯರಂತೆ ಬೆಳೆದವು. ವಿತರಣಾ ಕಂಪನಿಗಳನ್ನು ಎದುರು ಹಾಕಿಕೊಂಡ ಶರೀಯಾ ಮಾತ್ರ 1969ರಲ್ಲಿ ಕೆಲವು ಕಾಲ ಜೈಲಿನಲ್ಲಿರಬೇಕಾಯಿತು. ಬಿಡುಗಡೆಯಾದ ಮೇಲೂ ಅವರು ಅದೇ ಕೆಲಸವನ್ನು ಬೇರೆ ಬೇರೆ ವೇದಿಕೆಗಳಿಂದ ಮುಂದುವರಿಸಿದರು. ಅವರು ತೀರಿಕೊಂಡದ್ದು 2010ರ ನವೆಂಬರಿನಲ್ಲಿ, ಟ್ಯುನೀಷಿಯಾದ ಕ್ರಾಂತಿಗೆ ಕೆಲವೇ ವಾರ ಮೊದಲು.

ಟ್ಯಾಂಕರಿನೊಳಗಿನ ಬಡಿತ

ಅರಬ್ ಸಿನಿಮಾ ಎಂದರೆ ಏನು? ಈಜಿಪ್ಟ್‌ನ ಹಾಡು ಕುಣಿತದ ದೊಡ್ಡ ಉದ್ಯಮವೇ? ಅಲ್ಜೀರಿಯಾದ ಯುದ್ಧದ ಚಿತ್ರಗಳೇ? ಈ ಪ್ರಶ್ನೆಗೆ 1972ರ ಕಾರ್ಥೇಜ್ ಉತ್ಸವ ಒಳ್ಳೆಯ ಉತ್ತರ ಕೊಟ್ಟಿತು. ಆ ವರ್ಷ ಚಿನ್ನದ ತಾನಿತ್ ಎರಡು ಚಿತ್ರಗಳಿಗೆ ಹಂಚಿಹೋಯಿತು. ಒಂದು, ಅಂಗೋಲಾದ ಬಿಡುಗಡೆಯ ಹೋರಾಟವನ್ನು ಕುರಿತು ಸಾರಾ ಮಾಲ್ಡೊರೊರ್ ಮಾಡಿದ ‘ಸಾಂಬಿಜಾಂಗಾ’. ಇನ್ನೊಂದು, ತೌಫೀಕ್ ಸಾಲೆಹ್ ಅವರ ‘ದಿ ಡ್ಯೂಪ್ಸ್’.

ತೌಫೀಕ್ ಸಾಲೆಹ್ ಈಜಿಪ್ಟಿನವರು. ಕಥೆ ಪ್ಯಾಲೆಸ್ತೀನಿನ ಲೇಖಕ ಘಸ್ಸಾನ್ ಕನಫಾನಿ ಅವರದು. ಹಣ ಹೂಡಿದ್ದು ಸಿರಿಯಾದ ಸರ್ಕಾರಿ ಚಲನಚಿತ್ರ ಸಂಸ್ಥೆ. ಕಥೆ ನಡೆಯುವುದು ಇರಾಕ್ ಮತ್ತು ಕುವೈತ್ ಗಡಿಯಲ್ಲಿ. ಮನೆ ಮಠ ಕಳೆದುಕೊಂಡ ಮೂವರು ಪ್ಯಾಲೆಸ್ತೀನಿಯರು, ಒಬ್ಬ ಮುದುಕ, ಒಬ್ಬ ಯುವಕ, ಒಬ್ಬ ಹುಡುಗ, ಕೆಲಸ ಹುಡುಕಿಕೊಂಡು ಕುವೈತಿಗೆ ಹೊರಟಿದ್ದಾರೆ. ಕಾಗದಪತ್ರ ಇಲ್ಲ. ನೀರಿನ ಟ್ಯಾಂಕರ್ ಓಡಿಸುವ ಇನ್ನೊಬ್ಬ ಪ್ಯಾಲೆಸ್ತೀನಿ ಅವರನ್ನು ಖಾಲಿ ಟ್ಯಾಂಕಿನೊಳಗೆ ಅಡಗಿಸಿ ಗಡಿ ದಾಟಿಸಲು ಒಪ್ಪುತ್ತಾನೆ. ಮರುಭೂಮಿಯ ಬಿಸಿಲು. ಕೆಲವೇ ನಿಮಿಷ ತಡೆದುಕೊಂಡರೆ ಸಾಕು ಎನ್ನುವುದು ಅವನ ಲೆಕ್ಕ.

ಗಡಿ ಠಾಣೆಯ ಗುಮಾಸ್ತರಿಗೆ ಅವಸರವಿಲ್ಲ. ಡ್ರೈವರನ ಬಗ್ಗೆ ಹಬ್ಬಿದ ಒಂದು ಪೋಲಿ ಗಾಳಿಸುದ್ದಿಯನ್ನು ಎಳೆದಾಡುತ್ತ ನಗುತ್ತಾ ಕೂತಿದ್ದಾರೆ. ಸಹಿ ಬೀಳುವುದು ತಡವಾಗುತ್ತಲೇ ಹೋಗುತ್ತದೆ. ಕನಫಾನಿಯ ಕಾದಂಬರಿಯಲ್ಲಿ ಟ್ಯಾಂಕಿನೊಳಗಿನವರು ಸದ್ದಿಲ್ಲದೆ ಸಾಯುತ್ತಾರೆ. ಅವರು ಯಾಕೆ ಟ್ಯಾಂಕನ್ನು ಬಡಿಯಲಿಲ್ಲ ಎಂದು ಡ್ರೈವರ್ ಕೊನೆಗೆ ಕೂಗುತ್ತಾನೆ. ಸಾಲೆಹ್ ಇಲ್ಲಿ ಬದಲಾವಣೆ ಮಾಡಿದರು. ಅವರ ಸಿನಿಮಾದಲ್ಲಿ ಆ ಮೂವರು ಟ್ಯಾಂಕನ್ನು ಬಡಿಯುತ್ತಾರೆ. ನಮಗೆ, ಪ್ರೇಕ್ಷಕರಿಗೆ, ಆ ಬಡಿತ ಕೇಳುತ್ತದೆ. ಠಾಣೆಯ ಕೋಣೆಗಳಲ್ಲಿ ಏರ್ ಕಂಡೀಷನರ್ ಗುಂಯ್‌ಗುಡುತ್ತಿರುವುದರಿಂದ ಒಳಗಿನವರಿಗೆ ಕೇಳುವುದಿಲ್ಲ. ಪ್ಯಾಲೆಸ್ತೀನಿಯರು ಕೂಗಿಕೊಂಡರು, ಸುತ್ತಲಿನ ಅರಬ್ ಸರ್ಕಾರಗಳು ಕೇಳಿಸಿಕೊಳ್ಳಲಿಲ್ಲ ಎಂಬ ಆರೋಪವನ್ನು ಒಂದು ಯಂತ್ರದ ಸದ್ದಿನಿಂದ ಹೇಳಿದ ದೃಶ್ಯವಿದು. ಇಂಥ ಸಿನಿಮಾವನ್ನು ತಮ್ಮ ಊರಿನಲ್ಲಿ ತೋರಿಸಲು ಹಲವು ಅರಬ್ ಸರ್ಕಾರಗಳಿಗೆ ಮನಸ್ಸಿರಲಿಲ್ಲ. ಟ್ಯೂನಿಸ್ ಅದಕ್ಕೆ ತುಂಬಿದ ಸಭೆಯನ್ನೂ ಚಿನ್ನವನ್ನೂ ಕೊಟ್ಟಿತು. ಈಜಿಪ್ಟಿನ ನಿರ್ದೇಶಕ, ಪ್ಯಾಲೆಸ್ತೀನಿನ ಕಥೆ, ಸಿರಿಯಾದ ಹಣ, ಟ್ಯುನೀಷಿಯಾದ ಪ್ರೇಕ್ಷಕರು: ಅರಬ್ ಸಿನಿಮಾ ಎಂಬ ಮಾತಿಗೆ ಅಂದು ನಿಜವಾದ ಮೈ ಬಂತು.

ಒಬ್ಬ ನಟಿ, ಮೂರು ಚಿತ್ರ

ಇಂದಿನ ಅರಬ್ ಸಿನಿಮಾದ ನಡೆಯನ್ನು ತಿಳಿಯಲು ಹಿಂದ್ ಸಬ್ರಿ ಎಂಬ ನಟಿಯ ಮೂರು ಚಿತ್ರಗಳನ್ನು ಹಿಂಬಾಲಿಸಿದರೆ ಸಾಕು.

ಮೊದಲನೆಯದು 1994ರ ‘ದಿ ಸೈಲೆನ್ಸಸ್ ಆಫ್ ದಿ ಪ್ಯಾಲೇಸ್’. ನಿರ್ದೇಶಕಿ ಮುಫೀದಾ ತ್ಲಾತ್ಲಿ. ಅದಕ್ಕೆ ಮೊದಲು ಅವರು ಇಪ್ಪತ್ತು ವರ್ಷಗಳಷ್ಟು ಕಾಲ ಸಂಕಲನಕಾರ್ತಿಯಾಗಿದ್ದರು. ಅಲ್ಜೀರಿಯಾದ, ಪ್ಯಾಲೆಸ್ತೀನಿನ, ಟ್ಯುನೀಷಿಯಾದ ಎಷ್ಟೋ ಮುಖ್ಯ ಚಿತ್ರಗಳನ್ನು ಕತ್ತರಿಸಿ ಜೋಡಿಸಿದವರು ಅವರೇ. ಫರೀದ್ ಬುಘೆದಿರ್ ಅವರ ‘ಹಲ್ಫಾವೀನ್’ ಚಿತ್ರಕ್ಕೆ 1990ರಲ್ಲಿ ಚಿನ್ನ ಬಂದಾಗಲೂ ಸಂಕಲನ ಅವರದೇ. ತಮ್ಮ ಮೊದಲ ಚಿತ್ರದಲ್ಲಿ ಅವರು 1950ರ ದಶಕದ ಅರಮನೆಯೊಂದರ ಅಡುಗೆಮನೆಗೆ ನಮ್ಮನ್ನು ಕರೆದೊಯ್ಯುತ್ತಾರೆ. ಮೇಲಿನ ಅಂತಸ್ತಿನಲ್ಲಿ ರಾಜಮನೆತನದವರು. ಕೆಳಗೆ ಹಿಟ್ಟು ನಾದುತ್ತ, ಬಟ್ಟೆ ಒಗೆಯುತ್ತ, ಹಾಡುತ್ತ, ಮೇಲಿನಿಂದ ಕರೆ ಬಂದಾಗ ಮಾತಿಲ್ಲದೆ ಎದ್ದುಹೋಗುವ ಆಳು ಹೆಂಗಸರು. ಅವರಲ್ಲೊಬ್ಬಳು ಖದೀಜಾ. ಅವಳ ಮಗಳು ಆಲಿಯಾ, ತಂದೆ ಯಾರೆಂದು ಹೇಳುವವರಿಲ್ಲದ ಹುಡುಗಿ. ಆ ಪಾತ್ರ ಮಾಡಿದಾಗ ಹಿಂದ್ ಸಬ್ರಿ ಇನ್ನೂ ಶಾಲಾ ಬಾಲಕಿ.

ಮೇಲೆ ನಿಶ್ಚಿತಾರ್ಥದ ಸಮಾರಂಭ ನಡೆಯುತ್ತಿದೆ. ಆಲಿಯಾಳನ್ನು ಹಾಡಲು ಕರೆಸಿದ್ದಾರೆ. ಕೆಳಗೆ, ಬೇಡದ ಬಸಿರನ್ನು ತಾನೇ ತೆಗೆಸಿಕೊಳ್ಳಲು ಹೋದ ತಾಯಿ ರಕ್ತ ಸುರಿಸುತ್ತ ಮಲಗಿದ್ದಾಳೆ. ಮಗಳು ಹಾಡುತ್ತ ಹಾಡುತ್ತ ನಿಷೇಧಿತ ಸ್ವಾತಂತ್ರ್ಯಗೀತೆಗೆ ಹೊರಳುತ್ತಾಳೆ. ಅತಿಥಿಗಳು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಮಗಳ ಕೊರಳು, ತಾಯಿಯ ಕೂಗು, ಮತ್ತೆ ಮಗಳ ಕೊರಳು: ಒಬ್ಬ ಸಂಕಲನಕಾರ್ತಿ ಮಾತ್ರ ಕಟ್ಟಬಲ್ಲ ದೃಶ್ಯಮಾಲೆಯದು. ದೇಶ ಬಿಡುಗಡೆಯಾಗುವ ಹೊತ್ತಿಗೆ ಹೆಂಗಸರ ಬಿಡುಗಡೆ ಎಲ್ಲಿತ್ತು ಎಂದು ಕೇಳಿದ ಈ ಚಿತ್ರಕ್ಕೆ ಕಾರ್ಥೇಜ್‌ನಲ್ಲಿ ಚಿನ್ನದ ತಾನಿತ್ ಬಂತು. ಕ್ರಾಂತಿಯಾದ ಮೇಲೆ 2011ರಲ್ಲಿ ತ್ಲಾತ್ಲಿ ಕೆಲ ದಿನ ಸಂಸ್ಕೃತಿ ಸಚಿವೆಯಾಗಿದ್ದರು. 2021ರಲ್ಲಿ ತೀರಿಕೊಂಡರು.

ಎರಡನೆಯದು 2019ರ ‘ನೂರಾಸ್ ಡ್ರೀಮ್’, ಹಿಂದ್ ಬೂಜುಮಾ ನಿರ್ದೇಶನದ್ದು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುವ ನೂರಾಗೆ ಮೂವರು ಮಕ್ಕಳು. ಗಂಡ ಕಳ್ಳತನ ಮಾಡಿ ಜೈಲು ಸೇರಿದ್ದಾನೆ. ವಿಚ್ಛೇದನಕ್ಕೆ ಕೆಲವೇ ದಿನ ಬಾಕಿಯಿರುವಾಗ ಕ್ಷಮಾದಾನ ಸಿಕ್ಕಿ ಗಂಡ ಮನೆಗೆ ಬರುತ್ತಾನೆ. ಅಷ್ಟರಲ್ಲಿ ಅವಳಿಗೆ ಇನ್ನೊಬ್ಬನ ಮೇಲೆ ಪ್ರೀತಿ ಹುಟ್ಟಿದೆ. ವ್ಯಭಿಚಾರಕ್ಕೆ ಐದು ವರ್ಷದವರೆಗೆ ಜೈಲು ವಿಧಿಸುವ ಟ್ಯುನೀಷಿಯಾದ ಕಾನೂನು ಅವಳ ತಲೆಯ ಮೇಲೆ ತೂಗುತ್ತಿದೆ. ಆ ವರ್ಷದ ಚಿನ್ನದ ತಾನಿತ್ ಈ ಚಿತ್ರಕ್ಕೂ, ಶ್ರೇಷ್ಠ ನಟಿ ಬಹುಮಾನ ಹಿಂದ್ ಸಬ್ರಿಗೂ ಬಂದವು. ಅರಮನೆಯ ಅಡುಗೆಮನೆಯಿಂದ ಆಸ್ಪತ್ರೆಯ ಬಟ್ಟೆ ರಾಶಿಗೆ ಬರಲು ಟ್ಯುನೀಷಿಯಾದ ಹೆಂಗಸಿಗೆ ಇಪ್ಪತ್ತೈದು ವರ್ಷ ಹಿಡಿದಿತ್ತು. ಮೌನ ಮುರಿದಿತ್ತು, ಕಾನೂನು ಹಾಗೆಯೇ ಇತ್ತು.

ಮೂರನೆಯದು ಕೌಥರ್ ಬೆನ್ ಹನಿಯಾ ಅವರ ‘ಫೋರ್ ಡಾಟರ್ಸ್’ (2023). ಬೆನ್ ಹನಿಯಾ ಹುಟ್ಟಿದ್ದು ಸಿದಿ ಬೂಜಿದ್ ಎಂಬ ಒಳನಾಡಿನ ಬಡ ಪಟ್ಟಣದಲ್ಲಿ. 2010ರ ಡಿಸೆಂಬರಿನಲ್ಲಿ ತಳ್ಳುಗಾಡಿಯ ವ್ಯಾಪಾರಿಯೊಬ್ಬ ಮೈಗೆ ಬೆಂಕಿ ಹಚ್ಚಿಕೊಂಡು ಅರಬ್ ಕ್ರಾಂತಿಗಳಿಗೆ ಕಿಡಿ ಹೊತ್ತಿಸಿದ್ದು ಅಲ್ಲಿಯೇ. ಹವ್ಯಾಸಿ ಸಿನಿಮಾ ಒಕ್ಕೂಟದಲ್ಲಿ ಕ್ಯಾಮೆರಾ ಹಿಡಿಯಲು ಕಲಿತವರು ಅವರು. ‘ಫೋರ್ ಡಾಟರ್ಸ್’ ನಿಜಜೀವನದ ತಾಯಿ ಓಲ್ಫಾ ಮತ್ತು ಅವಳ ನಾಲ್ವರು ಹೆಣ್ಣುಮಕ್ಕಳ ಕಥೆ. ಹಿರಿಯ ಇಬ್ಬರು ಮನೆ ಬಿಟ್ಟು ಲಿಬಿಯಾದ ಐಸಿಸ್ ಗುಂಪು ಸೇರಿದ್ದಾರೆ. ಆ ಇಬ್ಬರ ಜಾಗಕ್ಕೆ ನಟಿಯರು ಬರುತ್ತಾರೆ, ಕಿರಿಯರಿಬ್ಬರು ತಾವಾಗಿಯೇ ಕಾಣಿಸಿಕೊಳ್ಳುತ್ತಾರೆ. ತಾಯಿಗೆ ಮತ್ತೆ ಬದುಕಲು ಕಷ್ಟವಾಗುವ ಗಳಿಗೆಗಳನ್ನು ಅವಳ ಬದಲು ಹಿಂದ್ ಸಬ್ರಿ ಅಭಿನಯಿಸುತ್ತಾರೆ. ಪಕ್ಕದಲ್ಲೇ ನಿಂತ ಓಲ್ಫಾ, ಅದು ಹಾಗಲ್ಲ, ನಾನು ಹೀಗೆ ಮಾಡಿದೆ ಎಂದು ತಿದ್ದುತ್ತಾಳೆ. ಪ್ರಸಿದ್ಧ ನಟಿಯೂ ಓದು ಕಡಿಮೆಯಾದ ತಾಯಿಯೂ ಒಂದೇ ಚೌಕಟ್ಟಿನಲ್ಲಿ ನಿಂತು ತಪ್ಪು ಒಪ್ಪುಗಳನ್ನು ಚರ್ಚಿಸುವುದನ್ನು ನೋಡುವಾಗ ಸಾಕ್ಷ್ಯಚಿತ್ರವೆಂದರೆ ಹೀಗೂ ಇರಬಹುದೇ ಎನಿಸುತ್ತದೆ. ಈ ಚಿತ್ರ ಆಸ್ಕರ್ ನಾಮನಿರ್ದೇಶನ ಪಡೆಯಿತು. ಬೆನ್ ಹನಿಯಾ ಅವರ ಮುಂದಿನ ಚಿತ್ರ ‘ದಿ ವಾಯ್ಸ್ ಆಫ್ ಹಿಂದ್ ರಜಬ್’, ಗಾಜಾದಲ್ಲಿ ಕಾರಿನೊಳಗೆ ಸಿಕ್ಕಿಕೊಂಡ ಪುಟ್ಟ ಹುಡುಗಿ ಸಹಾಯಕ್ಕಾಗಿ ಮಾಡಿದ ಫೋನ್ ಕರೆಯ ಅಸಲಿ ಧ್ವನಿಯನ್ನೇ ಇಟ್ಟುಕೊಂಡು ಮಾಡಿದ್ದು. 2025ರ ವೆನಿಸ್ ಚಿತ್ರೋತ್ಸವದಲ್ಲಿ ಅದಕ್ಕೆ ತೀರ್ಪುಗಾರರ ಮಹಾ ಬಹುಮಾನ ಸಿಕ್ಕಿತು.

ಕರ್ಫ್ಯೂ ನಡುವಿನ ಪ್ರದರ್ಶನ

2014ರವರೆಗೆ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಉತ್ಸವ 2015ರಿಂದ ಪ್ರತಿವರ್ಷ ನಡೆಯತೊಡಗಿತು. ಆ ಮೊದಲ ವಾರ್ಷಿಕ ಉತ್ಸವವೇ ಅಗ್ನಿಪರೀಕ್ಷೆಯಾಯಿತು. 2015ರ ನವೆಂಬರ್ 24ರ ಸಂಜೆ, ಉತ್ಸವ ನಡೆಯುತ್ತಿರುವಾಗಲೇ, ನಗರದ ನಡುವೆ ಅಧ್ಯಕ್ಷರ ಅಂಗರಕ್ಷಕರಿದ್ದ ಬಸ್ಸಿನಲ್ಲಿ ಆತ್ಮಾಹುತಿ ಬಾಂಬ್ ಸಿಡಿದು 12 ಮಂದಿ ಕಾವಲುಗಾರರು ಸತ್ತರು. ರಾಜಧಾನಿಯಲ್ಲಿ ರಾತ್ರಿ ಕರ್ಫ್ಯೂ ಜಾರಿಯಾಯಿತು. ಉತ್ಸವವನ್ನು ನಿಲ್ಲಿಸುವುದೇ ಜಾಣತನ ಎಂದು ಯಾರಿಗಾದರೂ ಅನಿಸುವ ಹೊತ್ತು. ಸಂಘಟಕರು ನಿಲ್ಲಿಸಲಿಲ್ಲ. ಕರ್ಫ್ಯೂಗೆ ಮೊದಲು ಎಲ್ಲರೂ ಮನೆ ಸೇರುವಂತೆ ಪ್ರದರ್ಶನಗಳ ವೇಳೆಯನ್ನು ಹಿಂದಕ್ಕೆ ತಂದರು. ಮರುದಿನ ಜನ ಬಂದರು. ಪೊಲೀಸ್ ತಪಾಸಣೆಯ ಸಾಲು, ಅದರ ಹಿಂದೆ ಟಿಕೆಟ್ಟಿನ ಸಾಲು. ಅವರಾರೂ ಸಂಘಟಕರ ಕರೆಗೆ ಬಂದ ಸೈನಿಕರಲ್ಲ, ಸಿನಿಮಾ ನೋಡಲು ಬಂದ ನಾಗರಿಕರು. ನಮ್ಮ ರಸ್ತೆ ನಮ್ಮದು, ನಮ್ಮ ಚಿತ್ರಮಂದಿರ ನಮ್ಮದು ಎಂದು ಅವರು ಹೇಳಿದ್ದು ಹಾಗೆ. 2018ರ ಅಕ್ಟೋಬರ್ 29ರಂದು ಹಬೀಬ್ ಬುರ್ಗೀಬಾ ರಸ್ತೆಯಲ್ಲೇ ಮತ್ತೊಂದು ಆತ್ಮಾಹುತಿ ದಾಳಿ ನಡೆಯಿತು. ಅದಾಗಿ ಒಂದೇ ವಾರದೊಳಗೆ ಅದೇ ರಸ್ತೆಯಲ್ಲಿ ಆ ವರ್ಷದ ಉತ್ಸವ ಶುರುವಾಯಿತು.

ಆ ಕರಾಳ ದಿನಗಳೇ ಮುಂದೆ ಸಿನಿಮಾದ ವಸ್ತುವಾದವು. 2015ರ ಅದೇ ನವೆಂಬರಿನಲ್ಲಿ ಮ್ಘೀಲಾ ಬೆಟ್ಟದಲ್ಲಿ ಕುರಿ ಕಾಯುತ್ತಿದ್ದ ಹುಡುಗನೊಬ್ಬನನ್ನು ಉಗ್ರರು ಕೊಂದು, ಜೊತೆಗಿದ್ದ ಸೋದರಸಂಬಂಧಿ ಹುಡುಗನ ಕೈಯಲ್ಲಿ ಅವನ ರುಂಡವನ್ನು ಮನೆಗೆ ಕಳಿಸಿದ್ದರು. ಆ ಘಟನೆಯನ್ನು ಆಧರಿಸಿ ಲುತ್ಫಿ ಆಶೂರ್ ‘ರೆಡ್ ಪಾತ್’ ಚಿತ್ರ ಮಾಡಿದರು. ಹಿಂಸೆಯನ್ನು ಮೆರೆಸುವ ಚಿತ್ರವಲ್ಲ ಅದು. ಬದುಕಿ ಉಳಿದ ಹುಡುಗನ ಕಣ್ಣಿನಿಂದ, ಸರ್ಕಾರ ಮರೆತುಬಿಟ್ಟ ಬೆಟ್ಟದ ಜನರ ಬದುಕನ್ನು ತೋರಿಸುತ್ತದೆ. 2024ರ ಡಿಸೆಂಬರಿನಲ್ಲಿ ನಡೆದ 35ನೇ ಉತ್ಸವದಲ್ಲಿ ಅದಕ್ಕೆ ಚಿನ್ನದ ತಾನಿತ್ ಸಂದಿತು. ಒಂಬತ್ತು ವರ್ಷದ ಹಿಂದೆ ಕರ್ಫ್ಯೂವಿನಲ್ಲಿ ಸಿನಿಮಾ ನೋಡಿದ ಊರು ಆ ಕಾಲದ ಗಾಯವನ್ನು ತನ್ನದೇ ತೆರೆಯ ಮೇಲೆ ನೋಡಿತು.

ಬಾಂಬಿಗೆ ನಿಲ್ಲದ ಉತ್ಸವ ಒಮ್ಮೆ ಸರ್ಕಾರದ ಆದೇಶಕ್ಕೆ ನಿಂತಿದೆ. 2023ರ ಅಕ್ಟೋಬರಿನಲ್ಲಿ ಗಾಜಾದ ಮೇಲೆ ಯುದ್ಧ ಶುರುವಾದಾಗ, ಉತ್ಸವಕ್ಕೆ ಕೆಲವೇ ದಿನ ಇರುವಾಗ, ಪ್ಯಾಲೆಸ್ತೀನಿಯರೊಂದಿಗೆ ದುಃಖ ಹಂಚಿಕೊಳ್ಳುವ ಸಲುವಾಗಿ ಆ ವರ್ಷದ ಉತ್ಸವವನ್ನು ರದ್ದು ಮಾಡಲಾಯಿತು. ಆ ಭಾವನೆಯನ್ನು ಯಾರೂ ಅಲ್ಲಗಳೆಯಲಿಲ್ಲ. ಆದರೆ ಅನೇಕ ಸಿನಿಮಾ ಮಂದಿಗೆ ನಿರ್ಧಾರ ಸರಿಕಾಣಲಿಲ್ಲ. 1972ರಲ್ಲಿ ‘ದಿ ಡ್ಯೂಪ್ಸ್’ ಚಿತ್ರಕ್ಕೆ ತೆರೆ ಕೊಟ್ಟ ಉತ್ಸವ ಪ್ಯಾಲೆಸ್ತೀನಿನ ಪರ ನಿಲ್ಲಬೇಕಾದದ್ದು ತೆರೆಯನ್ನು ಬೆಳಗಿಸಿಯೇ ಎಂಬ ಅವರ ವಾದದಲ್ಲಿ ನ್ಯಾಯವಿದೆ. ಮರುವರ್ಷದ ಉತ್ಸವದಲ್ಲಿ ಪ್ಯಾಲೆಸ್ತೀನಿನ ಸಿನಿಮಾಗಳಿಗೆ ವಿಶೇಷ ಸ್ಥಾನ ದೊರೆಯಿತು.

ಜೈಲಿನೊಳಗೆ ತೆರೆ

ಸ್ಪರ್ಧೆ ಮತ್ತು ಬಹುಮಾನ ಉತ್ಸವದ ಎದ್ದು ಕಾಣುವ ಭಾಗ. ಅದಕ್ಕಿಂತ ಆಚೆಗೆ ನಡೆಯುವ ಎರಡು ಕೆಲಸಗಳನ್ನು ಇಲ್ಲಿ ಹೇಳಲೇಬೇಕು.

2010ರ ದಶಕದ ನಡುಭಾಗದಿಂದ ಉತ್ಸವದ ಸಿನಿಮಾಗಳು ಜೈಲುಗಳಿಗೆ ಹೋಗುತ್ತಿವೆ. ಚಿತ್ರಹಿಂಸೆಯ ವಿರುದ್ಧ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಘಟನೆಯೊಂದರ ಜೊತೆಗೂಡಿ, ಜೈಲಿನ ಆವರಣದಲ್ಲಿ ತೆರೆ ಕಟ್ಟಿ, ಸ್ಪರ್ಧೆಯಲ್ಲಿರುವ ಚಿತ್ರಗಳನ್ನೇ ಅಲ್ಲಿಯೂ ತೋರಿಸುತ್ತಾರೆ. ನಿರ್ದೇಶಕರು, ನಟರು ಕೈದಿಗಳ ಎದುರು ಕೂತು ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಊರಿನ ಚಿತ್ರಮಂದಿರದಲ್ಲಿ ನಡೆಯುವ ಚರ್ಚೆ ಜೈಲಿನ ಗೋಡೆಯೊಳಗೂ ನಡೆಯಲಿ ಎಂಬ ಆಸೆ, ಶರೀಯಾ ಅವರ ಫಿಲ್ಮ್ ಸೊಸೈಟಿಯ ಕಾಲದಿಂದ ಬಂದ ಆಸೆಯೇ.

ಇನ್ನೊಂದು ‘ತಕ್ಮಿಲ್’ ಎಂಬ ಕಮ್ಮಟ. ಚಿತ್ರೀಕರಣ ಮುಗಿದು ಹಣವಿಲ್ಲದೆ ನಿಂತುಹೋದ ಅರಬ್, ಆಫ್ರಿಕಾ ಚಿತ್ರಗಳು ಇಲ್ಲಿಗೆ ಬರುತ್ತವೆ. ಹಿರಿಯರು ಒರಟು ಸಂಕಲನವನ್ನು ನೋಡಿ ಸಲಹೆ ಕೊಡುತ್ತಾರೆ. ಆಯ್ಕೆಯಾದವಕ್ಕೆ ಧ್ವನಿ, ಬಣ್ಣ, ಸಂಕಲನದ ಕೆಲಸ ಮುಗಿಸಲು ನೆರವು ಸಿಗುತ್ತದೆ. ಮೊದಲ ಚಿತ್ರ ಮಾಡುವವರಿಗೆ ತಾಹರ್ ಶರೀಯಾ ಹೆಸರಿನ ಬಹುಮಾನವೂ ಇದೆ. ಅರಬ್ ದೇಶಗಳ ಹೆಚ್ಚಿನ ಗಂಭೀರ ಸಿನಿಮಾಗಳು ಫ್ರಾನ್ಸ್, ಜರ್ಮನಿಯ ನಿಧಿಗಳನ್ನು ನೆಚ್ಚಿಕೊಂಡಿವೆ. ಹಣ ಕೊಡುವವರ ಅಭಿರುಚಿ ಕಥೆಯನ್ನು ಬಾಗಿಸುತ್ತದೆಯೇ ಎಂಬ ಚರ್ಚೆ ಟ್ಯೂನಿಸ್‌ನಲ್ಲಿ ಪ್ರತಿವರ್ಷ ಏಳುತ್ತದೆ. ತನ್ನ ನೆಲದಲ್ಲೇ ಸ್ವಲ್ಪ ನೆರವು ಸಿಕ್ಕರೆ ನಿರ್ದೇಶಕನ ಬೆನ್ನು ಅಷ್ಟರಮಟ್ಟಿಗೆ ನೇರವಾಗುತ್ತದೆ.

ತೆರೆಗಳೇ ಇಲ್ಲದ ಊರುಗಳು

ಇಷ್ಟೆಲ್ಲ ಇದ್ದೂ ಶರೀಯಾ ಎತ್ತಿದ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಸ್ವಾತಂತ್ರ್ಯದ ಕಾಲಕ್ಕೆ ಟ್ಯುನೀಷಿಯಾದಲ್ಲಿ ನೂರರ ಆಸುಪಾಸಿನಲ್ಲಿದ್ದ ಚಿತ್ರಮಂದಿರಗಳು 2011ರ ಕ್ರಾಂತಿಯ ಹೊತ್ತಿಗೆ ಎರಡು ಡಜನ್‌ಗೂ ಕಡಿಮೆಯಾಗಿದ್ದವು. ಉಳಿದವುಗಳಲ್ಲಿ ಹೆಚ್ಚಿನವು ರಾಜಧಾನಿಯಲ್ಲೇ. 2018ರಲ್ಲಿ ಟ್ಯೂನಿಸ್‌ಗೆ ಮಲ್ಟಿಪ್ಲೆಕ್ಸ್ ಬಂತು, ಸಿನೆಮಾಥೆಕ್ ಎಂಬ ಸಿನಿಮಾ ಭಂಡಾರ ಇರುವ ದೊಡ್ಡ ಸಂಸ್ಕೃತಿ ನಗರಿಯ ಕಟ್ಟಡವೂ ಎದ್ದಿತು. ಒಳನಾಡಿನ ಪಟ್ಟಣದ ಹುಡುಗನಿಗೆ ದೊಡ್ಡ ತೆರೆ ಇನ್ನೂ ದೂರವೇ. ಸೌದಿ ಅರೇಬಿಯಾ ಮೂವತ್ತೈದು ವರ್ಷಗಳ ನಿಷೇಧ ತೆಗೆದು 2018ರಲ್ಲಿ ಚಿತ್ರಮಂದಿರಗಳನ್ನು ತೆರೆಯಿತು, 2021ರಲ್ಲಿ ಜೆಡ್ಡಾದಲ್ಲಿ ರೆಡ್ ಸೀ ಚಿತ್ರೋತ್ಸವವನ್ನು ಆರಂಭಿಸಿತು. ಅಲ್ಲಿನ ಹಣದ ಬಲ ಇಂದು ಹಲವು ಅರಬ್ ಚಿತ್ರಗಳಿಗೆ ಆಸರೆಯಾಗಿದೆ. ಆದರೆ ಹಣ ಕೊಟ್ಟು ಪ್ರೇಕ್ಷಕರ ಅಭ್ಯಾಸವನ್ನು ಕೊಳ್ಳಲಾಗುವುದಿಲ್ಲ.

ಸುಡಾನಿನ ಸುಹೈಬ್ ಗಾಸ್ಮೆಲ್‌ಬಾರಿ ಅವರ ಸಾಕ್ಷ್ಯಚಿತ್ರ ‘ಟಾಕಿಂಗ್ ಅಬೌಟ್ ಟ್ರೀಸ್’ (2019) ತೆರೆಗಳಿಲ್ಲದ ಊರಿನ ನೋವನ್ನು ಮನಸ್ಸಿಗೆ ನಾಟುವಂತೆ ಹೇಳುತ್ತದೆ. ನಾಲ್ವರು ಮುದಿ ನಿರ್ದೇಶಕರು, ಒಂದು ಕಾಲದಲ್ಲಿ ವಿದೇಶಗಳಲ್ಲಿ ಸಿನಿಮಾ ಕಲಿತು ಬಂದ ಗೆಳೆಯರು, ದೇಶದಲ್ಲಿ ಚಿತ್ರಮಂದಿರಗಳೇ ಸತ್ತುಹೋದ ಕಾಲದಲ್ಲಿ ಒಂದು ಹಳೆಯ ಬಯಲು ಚಿತ್ರಮಂದಿರವನ್ನು ಒಂದು ರಾತ್ರಿಗಾದರೂ ತೆರೆಯಲು ಹೊರಡುತ್ತಾರೆ. ಜನ ಯಾವ ಸಿನಿಮಾ ಬಯಸುತ್ತಾರೆ ಎಂದು ಬೀದಿ ಬೀದಿಯಲ್ಲಿ ಕೇಳುತ್ತಾರೆ. ತೆರೆ ತೊಳೆಯುತ್ತಾರೆ. ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಅನುಮತಿ ಸಿಗುವುದಿಲ್ಲ. ಕರೆಂಟು ಹೋದ ಒಂದು ರಾತ್ರಿ ಆ ನಾಲ್ವರು ಕತ್ತಲಲ್ಲೇ ತಮಗೆ ಪ್ರಿಯವಾದ ಹಳೆಯ ಹಾಲಿವುಡ್ ಚಿತ್ರವೊಂದರ ಕೊನೆಯ ದೃಶ್ಯವನ್ನು ಆಡಿ ತೋರಿಸುತ್ತಾರೆ. ಕ್ಯಾಮೆರಾ ಇಲ್ಲ, ಬೆಳಕಿಲ್ಲ, ಸಿನಿಮಾ ಇದೆ. ಈ ಚಿತ್ರವನ್ನು ನೋಡಿದವರಿಗೆ ಕಾರ್ಥೇಜ್‌ನಂಥ ಉತ್ಸವದ ಬೆಲೆ ಏನೆಂದು ಯಾರೂ ವಿವರಿಸಬೇಕಾಗಿಲ್ಲ.

ಕನ್ನಡಿಗರಾದ ನಮಗೂ ಈ ಸಂಕಟ ಹೊಸದಲ್ಲ. ರಾಷ್ಟ್ರಪ್ರಶಸ್ತಿ ಪಡೆದ ಎಷ್ಟು ಕನ್ನಡ ಸಿನಿಮಾಗಳು ನಮ್ಮ ತಾಲ್ಲೂಕು ಕೇಂದ್ರಗಳ ಚಿತ್ರಮಂದಿರಗಳಿಗೆ ಬಂದಿವೆ? ನಮ್ಮ ಚಿತ್ರೋತ್ಸವಗಳಲ್ಲಿ ಅರಬ್ ಚಿತ್ರಗಳು ಬಂದಾಗ ಅವನ್ನು ನೋಡುವುದು ಒಂದು ಭಾಗ್ಯ. ಅವುಗಳಾಚೆಗೆ ಟ್ಯೂನಿಸ್‌ನಿಂದ ಕಲಿಯಬೇಕಾದದ್ದು ಇನ್ನೊಂದಿದೆ. ಪ್ರೇಕ್ಷಕರು ಮಳೆಯಂತೆ ಬಂದು ಬೀಳುವುದಿಲ್ಲ. ಒಬ್ಬ ಮೇಷ್ಟರು ವಾರವಾರ ಸಿನಿಮಾ ತರಿಸಿ, ತೋರಿಸಿ, ಮಾತಾಡಿಸಿ ಅವರನ್ನು ಬೆಳೆಸಬೇಕು. ಸರ್ಕಾರ ಟಿಕೆಟ್ ಅಗ್ಗ ಮಾಡಬೇಕು. ಉತ್ಸವ ಹೋಟೆಲಿನ ಸಭಾಂಗಣ ಬಿಟ್ಟು ಬೀದಿಗೆ, ಸಣ್ಣ ಊರಿಗೆ, ಜೈಲಿಗೆ ಬರಬೇಕು. ಅರವತ್ತು ವರ್ಷಗಳಲ್ಲಿ ಕಾರ್ಥೇಜ್ ಹಂಚಿದ ತಾನಿತ್‌ಗಳು ಎಷ್ಟೋ ಇವೆ; ಅದು ತಯಾರು ಮಾಡಿದ ಪ್ರೇಕ್ಷಕರ ಎದುರು ಆ ಚಿನ್ನವೆಲ್ಲ ಚಿಕ್ಕದು. ತಮ್ಮ ಬದುಕಿನ ಬಗ್ಗೆ ತಮ್ಮವರೇ ಮಾಡಿದ ಸಿನಿಮಾವನ್ನು ದುಡ್ಡು ಕೊಟ್ಟು, ಸಾಲಲ್ಲಿ ನಿಂತು, ಜಗಳವಾಡಿ ನೋಡುವ ಜನ ಒಂದು ಊರಿನಲ್ಲಿದ್ದರೆ ಆ ಊರಿನ ಸಿನಿಮಾವನ್ನು ಯಾವ ವಿತರಣಾ ಕಂಪನಿಯೂ, ಯಾವ ಸರ್ಕಾರವೂ ಬಹುಕಾಲ ಡಬ್ಬದಲ್ಲಿ ಇಡಲಾರದು.